ಮೀಟರ್‌ನಲ್ಲಿ ಆಮ್ಲಜನಕ 3.5%: ತಪ್ಪು ಗ್ಯಾಸಿಫೈಯರ್‌ದೋ, ಪೈಪ್‌ದೋ?

ಪ್ರಶ್ನೆ: ನಮಸ್ಕಾರ ಮೇಡಂ. ಕಟ್ಟಿಗೆ ಚೂರು ಹಾಕಿ ಓಡಿಸುವ ಸಣ್ಣ ಡೌನ್‌ಡ್ರಾಫ್ಟ್ ಗ್ಯಾಸಿಫೈಯರ್ (ಕಡಿಮೆ ಗಾಳಿಯಲ್ಲಿ ಸುಟ್ಟು ಉರಿಯುವ ಗ್ಯಾಸ್ ಮಾಡುವ ಯಂತ್ರ, ಗ್ಯಾಸ್ ಕೆಂಡದ ಮೂಲಕ ಕೆಳಗಿಳಿದು ಬರುತ್ತೆ) ನೋಡಿಕೊಳ್ತೀನಿ. ಹೊಸದಾಗಿ ಪೋರ್ಟಬಲ್ ಗ್ಯಾಸ್ ಅನಲೈಸರ್ ಬಂದಿದೆ, ಗ್ಯಾಸ್‌ನಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಅಳೆಯುವ ಮೀಟರ್. ಓದಿದ್ದು ಹೀಗೆ: ಕಾರ್ಬನ್ ಮಾನಾಕ್ಸೈಡ್ 15, ಹೈಡ್ರೋಜನ್ 13, ಮೀಥೇನ್ 4, ಕಾರ್ಬನ್ ಡೈಆಕ್ಸೈಡ್ 9.5, ಆಮ್ಲಜನಕ 3.5 ಶೇಕಡಾ. ಗ್ಯಾಸ್ ಸಪ್ಪೆ ಅಂತ ಎಲ್ಲರೂ ಕಟ್ಟಿಗೆಯ ತೇವಾಂಶವನ್ನೇ ಬೈತಿದ್ದಾರೆ. ಚೂರು ಒಣಗೇ ಇದೆ, 12% ತೇವಾಂಶ. ಎಲ್ಲಿ ಎಡವಿದ್ದೀವಿ?

ಉತ್ತರ: ಕಟ್ಟಿಗೆಯನ್ನು ಸದ್ಯಕ್ಕೆ ಬಿಡಿ. ನಾನು ಯಾರ ರೀಡಿಂಗ್ ನೋಡಿದರೂ ಮೊದಲು ಕಣ್ಣು ಹೋಗುವುದು ಆಮ್ಲಜನಕದ ಕಡೆಗೆ. ಕೆಂಡದ ಹಾಸಿನ ಮೂಲಕ ಇಳಿದು ಬಂದ ಗ್ಯಾಸ್‌ನಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ ಇರಬೇಕು. ನಿಮ್ಮದು 3.5. ಗಾಳಿಯಲ್ಲಿ ಆಮ್ಲಜನಕ ಸುಮಾರು 21, ಅಂದರೆ ಮೀಟರ್ ನೋಡುತ್ತಿರುವ ಗ್ಯಾಸ್‌ನ ಆರನೇ ಒಂದು ಪಾಲು ಬರೀ ಗಾಳಿ. ನಿಜವಾದ ಗ್ಯಾಸ್ ಆರರಲ್ಲಿ ಐದೇ ಪಾಲು, ಹಾಗಾಗಿ ಉಳಿದ ಅಂಕಿಗಳನ್ನು 6/5, ಅಂದರೆ 1.2ರಿಂದ ಗುಣಿಸಿ: ಮಾನಾಕ್ಸೈಡ್ 18, ಹೈಡ್ರೋಜನ್ 15.6, ಡೈಆಕ್ಸೈಡ್ 11.4. ಗಾಳಿ ಬಳಸಿ ಓಡಿಸುವ ಡೌನ್‌ಡ್ರಾಫ್ಟ್‌ಗೆ ಇದು ಒಳ್ಳೆಯ ಗ್ಯಾಸೇ.

ಆ ಗಾಳಿ ಎಲ್ಲಿಂದ ನುಗ್ಗಿತು ಅನ್ನೋದೇ ಈಗಿನ ಪ್ರಶ್ನೆ. ಪ್ರೋಬ್ (ಗ್ಯಾಸ್ ಎಳೆದುಕೊಳ್ಳುವ ಕೊಳವೆ) ತುದಿಗೆ ಒಂದು ಟೀ, ಅಂದರೆ ಮೂರು ಬಾಯಿಯ T ಆಕಾರದ ಜೋಡಣೆ ಹಾಕಿ, ಸಿಲಿಂಡರ್‌ನಿಂದ ನೈಟ್ರೋಜನ್ ಬಿಡಿ. ಅನಲೈಸರ್‌ನ ಪಂಪ್ ಎಳೆಯುವುದಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ಟು, ಹೆಚ್ಚಾದದ್ದು ಟೀಯ ಇನ್ನೊಂದು ಬಾಯಿಂದ ಹೊರಹೋಗಲಿ. ಆಗಲೂ ಮೀಟರ್ ಆಮ್ಲಜನಕ ತೋರಿಸಿದರೆ ಲೀಕ್ ನಿಮ್ಮ ಸ್ಯಾಂಪಲ್ ಲೈನ್‌ನಲ್ಲಿದೆ, ಅಂದರೆ ಪ್ರೋಬ್‌ನಿಂದ ಮೀಟರ್‌ವರೆಗಿನ ಪೈಪ್‌ನಲ್ಲಿ. ಸೊನ್ನೆಗೆ ಇಳಿದರೆ ಗಾಳಿ ಗ್ಯಾಸಿಫೈಯರ್ ಕಡೆಯೇ ಸೇರುತ್ತಿದೆ. ಉರಿಯುವ ಗ್ಯಾಸ್ ಜೊತೆ ಗಾಳಿ ಬೆರೆಯೋದು ಆಟವಲ್ಲ, ನಿಲ್ಲಿಸಿ ಮುಚ್ಚಳ, ಬೂದಿ ಬಾಗಿಲಿನ ಸೀಲ್ ನೋಡಿ.

ಪ್ರಶ್ನೆ: ಸೋಪ್ ನೀರು ಹಚ್ಚಿ ಎಲ್ಲ ಜಾಯಿಂಟ್ ನೋಡಿದ್ದೆ ಮೇಡಂ, ಒಂದು ಗುಳ್ಳೆನೂ ಬರಲಿಲ್ಲ.

ಉತ್ತರ: ಪಂಪ್ ಓಡುತ್ತಿದ್ದಾಗ ಹಚ್ಚಿದಿರಾ? ಪಂಪಿನ ಹಿಂದಿನ ಲೈನ್ ಒಳಕ್ಕೆ ಎಳೆಯುತ್ತಿರುತ್ತೆ, ಗುಳ್ಳೆ ಹೇಗೆ ಏಳಬೇಕು? ಸೋಪ್ ನೀರನ್ನೇ ಕುಡಿದುಬಿಡುತ್ತೆ. ಪಂಪ್ ಆಫ್ ಮಾಡಿ, ಅನಲೈಸರ್ ಬಿಚ್ಚಿಟ್ಟು, ಎರಡೂ ತುದಿ ಮುಚ್ಚಿ, ಒಳಗೆ ಸ್ವಲ್ಪವೇ ಒತ್ತಡ ಕೊಟ್ಟು ಆಮೇಲೆ ಹಚ್ಚಿ.

ಮತ್ತೊಬ್ಬರು: ಮೇಡಂ, ಮೀಥೇನ್ ಬಗ್ಗೆ ಹೇಳಲೇ ಇಲ್ಲ. 4ನ್ನು 1.2ರಿಂದ ಗುಣಿಸಿದರೆ 4.8 ಆಗುತ್ತಲ್ಲ? ನಮ್ಮದರಲ್ಲೂ ಹಾಗೇ ಬರುತ್ತೆ.

ಉತ್ತರ: ಒಳ್ಳೆಯ ಗಮನ. ಡೌನ್‌ಡ್ರಾಫ್ಟ್‌ನಲ್ಲಿ ಮೀಥೇನ್ ಸಾಮಾನ್ಯವಾಗಿ 1ರಿಂದ 3. ಇಂಥ ಮೀಟರ್‌ಗಳು ಮೀಥೇನ್ ಅಳೆಯುವುದು ಇನ್‌ಫ್ರಾರೆಡ್ ಬೆಳಕು ಎಷ್ಟು ಹೀರಿಕೆಯಾಯಿತು ಅಂತ ನೋಡಿ. ಎಥಿಲೀನ್, ಈಥೇನ್, ಬೆಂಜೀನ್ ಆವಿಯೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಹೀರುತ್ತವೆ, ಮೀಟರ್ ಎಲ್ಲವನ್ನೂ ಮೀಥೇನ್ ಖಾತೆಗೆ ಬರೆಯುತ್ತೆ. ಮೀಥೇನ್ ಶಾಖಮೌಲ್ಯ ಘನ ಮೀಟರ್‌ಗೆ ಸುಮಾರು 36 ಮೆಗಾಜೌಲ್. ಹಾಗಾಗಿ ನಿಜ 2 ಇದ್ದು ಮೀಟರ್ 4.8 ಅಂದರೆ, ಲೆಕ್ಕದಲ್ಲಿ ಗ್ಯಾಸ್ 4.7ರ ಬದಲು 5.7 ಮೆಗಾಜೌಲ್ ಆಗಿಬಿಡುತ್ತೆ. ಆಮೇಲೆ ಎಂಜಿನ್ ದಕ್ಷತೆ ಕಡಿಮೆ ಬಂತು ಅಂತ ಮೆಕ್ಯಾನಿಕ್ ಮೇಲೆ ಹರಿಹಾಯೋದು!

ಹೈಡ್ರೋಜನ್ ಕಥೆಯೇ ಬೇರೆ. ಅದು ಇನ್‌ಫ್ರಾರೆಡ್‌ಗೆ ಕಾಣುವುದೇ ಇಲ್ಲ. ಅದನ್ನು ಶಾಖ ಸಾಗಿಸುವ ಗುಣದಿಂದ ಅಳೆಯುತ್ತಾರೆ, ಗಾಳಿಗಿಂತ ಸುಮಾರು ಏಳು ಪಟ್ಟು ಚೆನ್ನಾಗಿ ಸಾಗಿಸುತ್ತೆ. ಆದರೆ ಡೈಆಕ್ಸೈಡ್ ಆ ಅಂಕಿಯನ್ನು ಕೆಳಗೆ ಎಳೆಯುತ್ತೆ, ಮೀಥೇನ್ ಮೇಲೆತ್ತುತ್ತೆ. ಬರೀ ನೈಟ್ರೋಜನ್-ಹೈಡ್ರೋಜನ್ ಸಿಲಿಂಡರ್‌ನಿಂದ ಮೀಟರನ್ನು ಕ್ಯಾಲಿಬ್ರೇಟ್ ಮಾಡಬೇಡಿ (ಗೊತ್ತಿರುವ ಗ್ಯಾಸ್ ಕೊಟ್ಟು ಅಂಕಿ ಸರಿಹೊಂದಿಸುವುದು). ನಿಮ್ಮ ಗ್ಯಾಸನ್ನೇ ಹೋಲುವ ಮಿಶ್ರಣ ತರಿಸಿ.

ಮತ್ತೊಬ್ಬರು: ನಾವು ಬ್ಯಾಗ್‌ನಲ್ಲಿ ಹಿಡಿದು ಲ್ಯಾಬ್‌ನ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ (ಮಿಶ್ರಣದ ಗ್ಯಾಸ್‌ಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಕಳಿಸ್ತೀವಿ. ಸ್ಯಾಂಪಲ್ ಅನ್ನು ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸ್ ಹೀಲಿಯಂ. ಹೈಡ್ರೋಜನ್ ಪೀಕ್ ಇದ್ದೂ ಇಲ್ಲದ ಹಾಗೆ.

ಉತ್ತರ: ಹೀಲಿಯಂ, ಹೈಡ್ರೋಜನ್ ಎರಡೂ ಶಾಖವನ್ನು ಹತ್ತಿರ ಹತ್ತಿರ ಸಮನಾಗಿ ಸಾಗಿಸುತ್ತವೆ, ಡಿಟೆಕ್ಟರ್‌ಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಆ ಚಾನೆಲ್‌ಗೆ ಆರ್ಗಾನ್ ಹಾಕಿ ಅಂತ ಲ್ಯಾಬ್‌ನವರಿಗೆ ಹೇಳಿ. ಬ್ಯಾಗನ್ನು ಅದೇ ದಿನ ಓಡಿಸಿ, ಹೈಡ್ರೋಜನ್ ಒಳಗೆ ಕೂತಿರುವ ಪೈಕಿ ಅಲ್ಲ.

ಅಂದ ಹಾಗೆ, ಮೊದಲು ಕೇಳಿದವರೇ, ಅನಲೈಸರ್ ಎಲ್ಲಿಟ್ಟಿದ್ದೀರಿ? ಅದರಿಂದ ಹೊರಬರುವ ಗ್ಯಾಸ್ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಕಂಟ್ರೋಲ್ ರೂಮಲ್ಲಿ, ಟೇಬಲ್ ಮೇಲೆ. ಔಟ್‌ಲೆಟ್‌ಗೆ ಏನೂ ಹಾಕಿಲ್ಲ. ನಿಮಿಷಕ್ಕೆ ಒಂದು ಲೀಟರ್ ಅಷ್ಟೇ ಅಲ್ವಾ?

ಉತ್ತರ: ಅಷ್ಟೇ ಅಲ್ಲ! ಲೀಟರ್‌ಗೆ 180 ಮಿಲಿಲೀಟರ್ ಮಾನಾಕ್ಸೈಡ್, ಗಂಟೆಗೆ ಹತ್ತು ಲೀಟರ್ ಮೇಲೆ. 30 ಘನ ಮೀಟರ್‌ನ ಮುಚ್ಚಿದ ಕೋಣೆಯಲ್ಲಿ ಒಂದೇ ಗಂಟೆಗೆ 360 ಪಿಪಿಎಂ (ಹತ್ತು ಲಕ್ಷಕ್ಕೆ 360 ಪಾಲು). ತಲೆನೋವು ಬರಲು ಅಷ್ಟು ಸಾಕು, ಅದಕ್ಕೆ ವಾಸನೆಯೂ ಇಲ್ಲ. ಇವತ್ತೇ ಔಟ್‌ಲೆಟ್‌ಗೆ ಪೈಪ್ ಹಾಕಿ ಕಟ್ಟಡದ ಹೊರಗೆ ಬಿಡಿ, ಕೋಣೆಯಲ್ಲಿ ಮಾನಾಕ್ಸೈಡ್ ಅಲಾರಂ ಇಡಿ. ಉಳಿದದ್ದೆಲ್ಲ ಆಮೇಲೆ.

ಪ್ರಶ್ನೆ (ಎರಡು ದಿನದ ಮೇಲೆ): ಪೈಪ್, ಅಲಾರಂ ಎರಡೂ ಆಯ್ತು ಮೇಡಂ. ಲೀಕ್ ಸಿಕ್ಕಿತು. ಸ್ಯಾಂಪಲ್ ಲೈನ್‌ನ ಹತ್ತಿ ಫಿಲ್ಟರಿನ ಗಾಜಿನ ಬಟ್ಟಲಿನ ಓ-ರಿಂಗ್ (ಸೀಲ್ ಮಾಡುವ ರಬ್ಬರ್ ಬಳೆ). ಹತ್ತಿ ಬದಲಾಯಿಸುವಾಗ ಟಾರ್ (ಕಟ್ಟಿಗೆ ಹೊಗೆಯ ಅಂಟು) ಮೆತ್ತಿ ಒಂದು ಕಡೆ ಮಡಚಿಕೊಂಡಿತ್ತು. ಈಗ ಆಮ್ಲಜನಕ 0.3, ಮಾನಾಕ್ಸೈಡ್ 17.8. ಮೀಥೇನ್ ಮಾತ್ರ ಇನ್ನೂ 4.6.

ಉತ್ತರ: ಮೀಥೇನ್‌ಗೆ ಒಂದು ಬ್ಯಾಗ್ ಲ್ಯಾಬ್‌ಗೆ ಕಳಿಸಿ, ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟುಕೊಳ್ಳಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿದಾಗಲೆಲ್ಲ ಬದಲಿಸಿ, ಓ-ರಿಂಗ್ ಒರೆಸಿ ಕೂರಿಸಿ.