ಅರಮನೆಗೆ ಸೊಸೆಯಾಗಿ ಹೋದರೆ ‘ರಾಣಿ’ ಆಗ್ತಾರಾ? ವಕೀಲರನ್ನು ಕೇಳಿ

ವಕೀಲರು: ಈ ವಾರದ ವಿಷಯ, ರಾಜಮನೆತನಕ್ಕೆ ಮದುವೆಯಾಗಿ ಹೋದವರ ಹೆಸರು, ಬಿರುದು, ಹಕ್ಕು. ಪ್ರಶ್ನೆ ಚುಟುಕಾಗಿರಲಿ. ಫಾರ್ವರ್ಡ್ ಹಾಕಬೇಡಿ.

ಹಾಸನದ ಸದಸ್ಯ: ಮೇಡಂ, ಹಳೇ ಸಂಸ್ಥಾನದ ಮನೆತನಕ್ಕೆ ಹೆಣ್ಣು ಕೊಟ್ಟರೆ ಅವಳು ಕಾನೂನಿನ ಪ್ರಕಾರ ರಾಣಿಯಾಗ್ತಾಳಾ?

ವಕೀಲರು: ಇಲ್ಲ. ಸಂವಿಧಾನದ 18ನೇ ವಿಧಿಯ ಪ್ರಕಾರ ಸೇನೆಯ ಮತ್ತು ವಿದ್ಯೆಯ ಗೌರವ ಬಿಟ್ಟು ಬೇರೆ ಬಿರುದನ್ನು ಸರ್ಕಾರ ಕೊಡುವಂತಿಲ್ಲ. 1971ರ 26ನೇ ತಿದ್ದುಪಡಿ ಹಳೇ ರಾಜರಿಗಿದ್ದ ಮಾನ್ಯತೆಯನ್ನೂ ಸರ್ಕಾರ ಅವರಿಗೆ ಕೊಡುತ್ತಿದ್ದ ರಾಜಧನವನ್ನೂ ತೆಗೆದುಹಾಕಿತು. ಗಂಡನಿಗೇ ಇಲ್ಲದ್ದು ಹೆಂಡತಿಗೆ ಎಲ್ಲಿಂದ ಬರಬೇಕು?

ಲಂಡನ್‌ನಲ್ಲಿರುವ ಸದಸ್ಯ: ಇಲ್ಲಿ ಹಾಗಲ್ವಲ್ಲ ಮೇಡಂ?

ವಕೀಲರು: ಅಲ್ಲಿ ಗಂಡನ ಪದವಿ ಹೆಂಡತಿಗೆ ಬರುತ್ತದೆ, ಹೆಂಡತಿಯದು ಗಂಡನಿಗೆ ತಾನಾಗಿ ಬರುವುದಿಲ್ಲ. ಎಲಿಜಬೆತ್ ರಾಣಿಯ ಗಂಡ ಫಿಲಿಪ್‌ಗೆ ಬ್ರಿಟನ್ನಿನ ರಾಜಕುಮಾರನೆಂಬ ಪದವಿಯನ್ನು ರಾಣಿಯೇ ಪ್ರತ್ಯೇಕವಾಗಿ ಕೊಟ್ಟದ್ದು 1957ರಲ್ಲಿ. ಅಷ್ಟು ಹೊತ್ತಿಗೆ ಮದುವೆಯಾಗಿ ಒಂಬತ್ತು ವರ್ಷ ದಾಟಿತ್ತು. ಡಯಾನಾ 1996ರಲ್ಲಿ ವಿಚ್ಛೇದನವಾದ ಮೇಲೆ ‘ಹರ್ ರಾಯಲ್ ಹೈನೆಸ್’ ಎಂಬ ಗೌರವ ಸಂಬೋಧನೆ ಕಳೆದುಕೊಂಡರು. ಜಪಾನಿನಲ್ಲಿ ಇನ್ನೂ ಬಿಗಿ: ಸಾಮಾನ್ಯನನ್ನು ಮದುವೆಯಾದ ರಾಜಕುಮಾರಿ ಅರಮನೆಯ ಸ್ಥಾನವನ್ನೇ ಬಿಡಬೇಕು. 2021ರಲ್ಲಿ ಮಾಕೊ ಹಾಗೆ ಬಿಟ್ಟು ಹೋದರು, ಸರ್ಕಾರ ಕೊಡಬೇಕಿದ್ದ ಹಣವನ್ನೂ ಬೇಡ ಅಂದರು.

ದಾವಣಗೆರೆಯ ಸದಸ್ಯೆ: ಮೇಡಂ, ನನ್ನ ಮಗಳ ವಿಷಯ. ಉತ್ತರದ ಕಡೆಯ ಗಂಡು, ಹಳೇ ಸಂಸ್ಥಾನದವರಂತೆ. ವಂಶಾವಳಿ, ಸನದು (ಹಳೇ ಅಧಿಕಾರಪತ್ರ) ಎಲ್ಲದರ ಫೋಟೋ ಕಳಿಸಿದ್ದಾರೆ. ಮಗಳನ್ನು ‘ಯುವರಾಣಿ’ ಅಂತ ದೆಹಲಿಯಲ್ಲಿ ನೋಂದಾಯಿಸಲು 18 ಲಕ್ಷ ಕಟ್ಟಬೇಕಂತೆ. ಮನೆತನದ ಪದ್ಧತಿ ಅಂತ ಕೆಲಸ ಬಿಡಬೇಕು, ಪಾಸ್‌ಪೋರ್ಟು ಮತ್ತು ಮಾರ್ಕ್ಸ್‌ಕಾರ್ಡು ಅತ್ತೆಯ ಹತ್ತಿರ ಇರಬೇಕು ಅಂತಾರೆ. ನಮ್ಮೆಜಮಾನ್ರು ಎಫ್‌ಡಿ ಮುರಿಸೋಕೆ ಹೊರಟಿದ್ದಾರೆ.

ವಕೀಲರು: ಅಮ್ಮಾ, ಮೊದಲು ಆ ಎಫ್‌ಡಿಗೆ ಕೈ ಹಾಕಬೇಡಿ ಅಂತ ಯಜಮಾನರಿಗೆ ಹೇಳಿ. ಉಳಿದದ್ದು ಆಮೇಲೆ.

ದೆಹಲಿಯಲ್ಲಾಗಲಿ ಬೇರೆಲ್ಲಾಗಲಿ ಅಂಥ ನೋಂದಣಿ ಕಚೇರಿ ಇಲ್ಲ. 1971ಕ್ಕೆ ಮೊದಲು ಕೂಡ ರಾಷ್ಟ್ರಪತಿಯವರು ಮಾನ್ಯತೆ ಕೊಡುತ್ತಿದ್ದುದು ಸಂಸ್ಥಾನದ ರಾಜನಿಗೆ, ಮನೆಗೆ ಬಂದ ಸೊಸೆಗೆ ಬಿರುದು ಮಾರುವುದಕ್ಕಲ್ಲ. ಆ ಸನದು ಅಸಲಿಯೇ ಇರಬಹುದು. ಅದರಿಂದ ಅವರ ಮುತ್ತಾತ ಯಾರೆಂದು ತಿಳಿಯಬಹುದು, ಹುಡುಗ ಎಂಥವನೆಂದು ತಿಳಿಯುವುದಿಲ್ಲ.

ನಮ್ಮ ಮೈಸೂರನ್ನೇ ನೋಡಿ. ಯದುವೀರ ಅವರನ್ನು ಪ್ರಮೋದಾದೇವಿಯವರು ದತ್ತು ತೆಗೆದುಕೊಂಡದ್ದು 2015ರ ಫೆಬ್ರವರಿಯಲ್ಲಿ. ಗೋಪಾಲರಾಜ ಅರಸ್ ಅಂತ ಇದ್ದ ಹೆಸರು ಕೃಷ್ಣದತ್ತ ಚಾಮರಾಜ ಒಡೆಯರ್ ಆದದ್ದು ಆ ವಿಧಿಯಲ್ಲಿ. ಪಟ್ಟಾಭಿಷೇಕ ಅದೇ ವರ್ಷದ ಮೇ 28ಕ್ಕೆ. ಡುಂಗರಪುರದ ತ್ರಿಷಿಕಾ ಕುಮಾರಿ ಅವರ ಜತೆ ಮದುವೆ 2016ರ ಜೂನ್ 27ರಂದು, ಅಂಬಾವಿಲಾಸ ಅರಮನೆಯಲ್ಲಿ. ಇವೆಲ್ಲ ಮನೆತನದ ಧಾರ್ಮಿಕ ಕಟ್ಟಳೆ, ಕುಟುಂಬದ ಹಕ್ಕು. ನವರಾತ್ರಿಯ ಖಾಸಗಿ ದರ್ಬಾರೂ ಹಾಗೆಯೇ. ಇದರಲ್ಲಿ ಯಾವ ಇಲಾಖೆಯೂ ‘ಮಹಾರಾಣಿ’ ಪದವಿ ಕೊಡುವುದಿಲ್ಲ.

ಇನ್ನು ಹಣ. ಮದುವೆಗೆ ಸಂಬಂಧಿಸಿ ಕೇಳಿದ ಹಣಕ್ಕೆ ಶುಲ್ಕ, ಕಾಣಿಕೆ ಅಂತ ಏನೇ ಹೆಸರಿಟ್ಟರೂ ಕಾನೂನಿನ ಕಣ್ಣಿಗೆ ಅದು ವರದಕ್ಷಿಣೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಂಡವರಿಗೂ ಕೊಟ್ಟವರಿಗೂ ಕನಿಷ್ಠ ಐದು ವರ್ಷ ಸೆರೆ. ಬರೀ ಕೇಳಿದ್ದಕ್ಕೂ ಆರು ತಿಂಗಳಿಂದ ಎರಡು ವರ್ಷ.

ನನಗೆ ಹಣಕ್ಕಿಂತ ಹೆಚ್ಚು ಭಯ ತರಿಸಿದ್ದು ಪಾಸ್‌ಪೋರ್ಟಿನ ಮಾತು. ದುಡಿಯುವ ಹುಡುಗಿಯ ಕೆಲಸ ಬಿಡಿಸಿ, ಕಾಗದಪತ್ರ ಕಿತ್ತಿಟ್ಟುಕೊಂಡರೆ ಅವಳು ವಾಪಸು ಬರಬೇಕೆಂದಾಗ ಹೇಗೆ ಬರುತ್ತಾಳೆ? ನಿಮ್ಮ ಮಗಳು ಏನಂತಾಳೆ ಅಂತ ನೀವು ಬರೆದೇ ಇಲ್ಲ.

ಮೈಸೂರಿನ ಸದಸ್ಯ: ಮೇಡಂ, ಕ್ಷಮಿಸಿ. ನಮ್ಮ ಅರಮನೆಯನ್ನು ಈ ಮೋಸಗಾರರ ಜತೆ ಸೇರಿಸಬೇಡಿ. ಮೈಸೂರಿನವರಿಗೆ ತ್ರಿಷಿಕಾ ಅವರು ಇವತ್ತಿಗೂ ಮಹಾರಾಣಿಯೇ.

ವಕೀಲರು: ಸೇರಿಸಿಲ್ಲ. ಪ್ರೀತಿಯಿಂದ ಕರೆಯುವುದನ್ನು ಕಾನೂನು ತಡೆಯುವುದಿಲ್ಲ.

ಮಂಡ್ಯದ ಸದಸ್ಯ: ಪ್ರಜಾಪ್ರಭುತ್ವದಲ್ಲಿ ಎಂಥ ಮಹಾರಾಣಿ ಸ್ವಾಮಿ? ಯದುವೀರ ಅವರೇ 2024ರಲ್ಲಿ ಮತ ಕೇಳಿ ಸಂಸದರಾದರು.

ಮೈಸೂರಿನ ಸದಸ್ಯ: ಕನ್ನಂಬಾಡಿ ನೀರು ಕುಡಿದು ಮಾತಾಡ್ತಿದ್ದೀರಿ. ನಾಲ್ವಡಿಯವರ ಋಣ ನಿಮ್ಮ ಗದ್ದೆ ಮೇಲಿದೆ.

ಮಂಡ್ಯದ ಸದಸ್ಯ: ನಾಲ್ವಡಿಯವರಿಗೆ ದಿನಾ ಕೈ ಮುಗೀತೀನಿ. ಅಣೆಕಟ್ಟು ಕಟ್ಟಿದ ಕೂಲಿಯವರ ಋಣಾನೂ ಇದೆ. ಅದಕ್ಕೂ ಬಿರುದಿಗೂ ಏನ್ ಸಂಬಂಧ?

ಮೈಸೂರಿನ ಸದಸ್ಯ: ನಿಮ್ಮಂಥವರಿಗೆ ಸಂಪ್ರದಾಯದ ಬೆಲೆ ಗೊತ್ತಿಲ್ಲ.

ತುಮಕೂರಿನ ಸದಸ್ಯ: ನಮ್ಮ ಜಮೀನಿನ ಪೋಡಿ ಎರಡು ವರ್ಷದಿಂದ ಆಗಿಲ್ಲ ಮೇಡಂ, ಯಾರನ್ನು ನೋಡಬೇಕು?

ಬಳ್ಳಾರಿಯ ಸದಸ್ಯೆ: (ಫಾರ್ವರ್ಡ್) ‘ಸ್ಕಾಟ್ಲೆಂಡಿನಲ್ಲಿ ಒಂದು ಚದರಡಿ ಜಾಗ ಕೊಂಡರೆ ನೀವೂ ಲೇಡಿ! ಪಾಸ್‌ಪೋರ್ಟಿನಲ್ಲೂ ಹಾಕಿಸಿ! ಹತ್ತು ಜನಕ್ಕೆ ಕಳಿಸಿ.’

ವಕೀಲರು: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಲ್ಲೇ ಬರೆದಿದ್ದೆ. ನೆನಪಿನ ಕಾಣಿಕೆಯಂತೆ ಮಾರುವ ಆ ತುಂಡು ಜಾಗವನ್ನು ಅಲ್ಲಿನ ಭೂದಾಖಲೆಯಲ್ಲಿ ನೋಂದಾಯಿಸಲೂ ಬರುವುದಿಲ್ಲ, ಅದರಿಂದ ಪದವಿಯೂ ಬರುವುದಿಲ್ಲ. ಹಣ ಕಳಿಸಬೇಡಿ.

ಚಾಮರಾಜನಗರದ ಸದಸ್ಯ: ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಅಂತ ಕೊಟ್ಟ ತಲಕಾಡಿನ ಅಲಮೇಲಮ್ಮನ ಶಾಪ ಸೊಸೆಯಾಗಿ ಬಂದವರಿಗೂ ತಟ್ಟುತ್ತಂತೆ. ಪರಿಹಾರ ಪೂಜೆಯ ಮೆಸೇಜ್ ಇದೆ, ಹಾಕಲಾ?

ವಕೀಲರು: ಹಾಕಬೇಡಿ. ಆ ಮನೆಯಲ್ಲಿ 2017ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿದೆ. ಮಕ್ಕಳ ವಿಷಯ ಹಿಡಿದು ಒಂದು ಹೆಣ್ಣುಮಗಳ ಬಗ್ಗೆ ಊರೆಲ್ಲ ಲೆಕ್ಕ ಹಾಕುವುದನ್ನು ಇನ್ನಾದರೂ ನಿಲ್ಲಿಸಿ.

ಉಡುಪಿಯ ಸದಸ್ಯೆ: ಮದುವೆಯಾದ ಮೇಲೆ ಮನೆತನದ ಹೆಸರು ಸೇರಿಸಿಕೊಳ್ಳಲೇಬೇಕಾ?

ವಕೀಲರು: ಬೇಕಿಲ್ಲ. ಅವಳಿಷ್ಟ.

ಕೋಲಾರದ ಸದಸ್ಯ: ರಾಜಮನೆತನಕ್ಕೆ ಮದುವೆಯಾದರೆ ರಾಣಿ ಅಂತ ಹಾಕಿಸಬಹುದಾ ಮೇಡಂ?

ವಕೀಲರು: ಮೇಲೆ ಓದಿ.

ಕೋಲಾರದ ಸದಸ್ಯ: ಓದೋಕೆ ಟೈಮಿಲ್ಲ, ಹೌದು ಇಲ್ಲ ಹೇಳಿ.

ವಕೀಲರು: ಇಲ್ಲ.

ಮೈಸೂರಿನ ಸದಸ್ಯ: ಮಂಡ್ಯದವರು ಕ್ಷಮೆ ಕೇಳುವವರೆಗೆ ನಾನು ಬಿಡಲ್ಲ.

ವಕೀಲರು: ನೀವಿಬ್ಬರೂ ಬೇರೆ ಕಡೆ ಮಾತಾಡಿಕೊಳ್ಳಿ. ಇಲ್ಲೊಂದು ಹುಡುಗಿಯ ಬದುಕಿನ ಪ್ರಶ್ನೆ ಇದೆ. ದಾವಣಗೆರೆಯವರೇ, ಇದ್ದೀರಾ?

ದಾವಣಗೆರೆಯ ಸದಸ್ಯೆ: ಇದ್ದೀನಿ ಮೇಡಂ. ಮಗಳು ಮೊದಲಿಂದಲೂ ಬೇಡ ಅಂತಿದ್ದಾಳೆ. ನಾವೇ ಆಸೆಗೆ ಬಿದ್ವಿ. ನಾಳೆ ಲಗ್ನಪತ್ರಿಕೆಗೆ ಅವರು ಬರ್ತಾರೆ, ಅರ್ಧ ದುಡ್ಡು ಅವತ್ತೇ ಕೊಡಬೇಕಂತೆ.

ವಕೀಲರು: ನಾಳೆಯದನ್ನು ಮುಂದಕ್ಕೆ ಹಾಕಿ, ಮನೆಯಲ್ಲಿ ಹುಷಾರಿಲ್ಲ ಅಂತಾದರೂ ಹೇಳಿ. ಹಣ ಕೇಳಿದ ಮೆಸೇಜು, ವಾಯ್ಸ್ ರೆಕಾರ್ಡು ಒಂದನ್ನೂ ಅಳಿಸಬೇಡಿ. ಮೂಲ ಕಾಗದಗಳು ಮಗಳ ಕೈಯಲ್ಲೇ ಇರಲಿ. ಇವತ್ತು ರಾತ್ರಿ ನನಗೆ ಫೋನ್ ಮಾಡಿ, ಯಜಮಾನರನ್ನೂ ಕೂರಿಸಿಕೊಳ್ಳಿ. ಮೊದಲು ಮಗಳ ಹತ್ತಿರ ಮಾತಾಡುತ್ತೇನೆ.