ಗುವಾಮಿನ ಕುಣಿತ ಯಾರದ್ದು?

ಕಡಲತೀರ:
ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಚಮೊರೊ ಜನ ಕುಣಿಯುವ ವಿಡಿಯೋ ನೋಡಿದೆ. ಮೊದಲು ಶಂಖ ಊದಿ, ಹುಲ್ಲಿನ ಲಂಗ ಉಟ್ಟು ಕುಣಿದರು. ಆಮೇಲೆ ಅದೇ ಹುಡುಗಿಯರು ಮೆಸ್ಟಿಸಾ ಅನ್ನುವ ಅಗಲ ತೋಳಿನ ಉಡುಪಿನಲ್ಲಿ ಬಂದು 'ಬಾತ್ಸು' ಕುಣಿದರು. ಅದು ಯುರೋಪಿನ ವಾಲ್ಟ್ಸ್, ಅಷ್ಟೇ. ಮೊದಲನೆಯದು ಅವರದ್ದು, ಎರಡನೆಯದು ಸ್ಪೇನಿನವರು ಹೇರಿದ್ದು. ಅದನ್ನು ಇನ್ನೂ ಯಾಕೆ ಕುಣಿಯಬೇಕು?

ಮಲೆನಾಡಿನವಳು:
ತಲೆಕೆಳಗು ಮಾಡಿ ಹೇಳಿದ್ದೀರಿ. ಹುಲ್ಲಿನ ಲಂಗದ ಕುಣಿತವನ್ನು 1980ರ ದಶಕದಿಂದೀಚೆಗೆ ಕುಣಿತದ ಗುರು ಫ್ರಾಂಕ್ ರಾಬನ್ ಮತ್ತು ಅವರ ಶಿಷ್ಯರು ಹೊಸದಾಗಿ ಕಟ್ಟಿದರು. ಸ್ಪೇನಿಗಿಂತ ಹಿಂದಿನ ಕುಣಿತ ಉಳಿದಿರಲಿಲ್ಲ. ಬಾತ್ಸು, ಯುರೋಪಿನದೇ ಇನ್ನೊಂದು ಕುಣಿತವಾದ ಸೊಟಿಸ್ ಇವೇ ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು.

ನೇರನುಡಿ:
"ಉಳಿದಿರಲಿಲ್ಲ" ಅಂತ ಎಷ್ಟು ಸಲೀಸಾಗಿ ಬರೆದಿರಿ ಮೇಡಂ! ತಾನಾಗೇ ಹೋಯಿತಾ? 1668ರಲ್ಲಿ ಸ್ಪೇನಿನ ಸಾನ್ ವಿಟೋರೆಸ್ ಪಾದ್ರಿ ಬಂದ. ನಾಲ್ಕು ವರ್ಷಕ್ಕೆ ಮತಾಪಾಂಗ್ ಅನ್ನುವ ಚಮೊರೊ ನಾಯಕ ಅವನನ್ನು ಕೊಂದ, ಮುಂದೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೊಡೆದಾಟ, ಚದುರಿದ್ದ ಜನರನ್ನು ಚರ್ಚಿನ ಸುತ್ತಲ ಊರುಗಳಿಗೆ ಎಳೆದು ತಂದರು, ಸಿಡುಬು ಬಂತು, 1710ರ ಗಣತಿಗೆ ಉಳಿದದ್ದು ನಾಲ್ಕು ಸಾವಿರಕ್ಕೂ ಕಡಿಮೆ ಜನ. ಭಾಷೆಯೂ ಅಷ್ಟೇ. ಎಣಿಸುವುದೇ ಉನು, ದೋಸ್, ತ್ರೆಸ್ ಅಂತ. ಅರ್ಧ ಸ್ಪ್ಯಾನಿಷ್ ಆಗಿಹೋಗಿದೆ.

ಲೆಕ್ಕದ ಮೇಷ್ಟ್ರು:
"ಅರ್ಧ ಸ್ಪ್ಯಾನಿಷ್" ತಪ್ಪು. 'ಕಾಂತಾ' ಅಂದರೆ ಹಾಡು, ಸ್ಪ್ಯಾನಿಷ್ ಪದ, ಸರಿ. ಹಾಡುತ್ತಿದ್ದಾಳೆ ಅನ್ನಲು 'ಕುಮಾಕಾಂತಾ' ಅಂತಾರೆ. ಮೊದಲ ಅಕ್ಷರ ಎರಡು ಸಲ ಬಂದು ನಡುವೆ 'ಉಮ್' ಸೇರುತ್ತದೆ. ಇದು ಫಿಲಿಪೀನ್ಸ್ ಕಡೆಯ ಭಾಷೆಗಳ ರೀತಿ, ಸ್ಪ್ಯಾನಿಷ್‌ನಲ್ಲಿ ಎಲ್ಲಿದೆ ತೋರಿಸಿ. ನಮ್ಮ 'ಸಾವಿರ' ಸಂಸ್ಕೃತದ ಸಹಸ್ರದಿಂದ ಬಂತು. ಕನ್ನಡ ಅರ್ಧ ಸಂಸ್ಕೃತವಾ?

ನೇರನುಡಿ:
ಸಾವಿರ ಒಂದೇ ಪದ ಸರ್. ಒಂದರಿಂದ ನೂರರವರೆಗೆ ನಮ್ಮ ಮಾತಲ್ಲೇ ಎಣಿಸುತ್ತೇವೆ. ಅವರಿಗೂ ಹಾತ್ಸಾ, ಹುಗುವಾ, ತುಲು ಅಂತ ಇತ್ತು. ಜನರನ್ನು ಎಣಿಸಲು ಒಂದು ಸಾಲು, ವಸ್ತುಗಳಿಗೆ ಇನ್ನೊಂದು, ಅಳತೆಗೆ ಮತ್ತೊಂದು. ಅಷ್ಟೂ ಬಾಯಿಂದ ಹೋಯಿತು. ಅದನ್ನು ಒಂದು ಸಾಲದ ಪದಕ್ಕೆ ಹೋಲಿಸಲು ಮನಸ್ಸಾದರೂ ಹೇಗೆ ಬರುತ್ತೆ ನಿಮಗೆ?

ಕಡಲತೀರ:
ಹೋಗಿಲ್ಲ, ಹಳೆಯ ಎಣಿಕೆಯನ್ನು ಈಗ ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. ಕುಣಿತವೂ ಹಾಗೇ. ಮತ್ತೆ ಕಟ್ಟಿದರೂ ಅವರದ್ದೇ.

ಲೆಕ್ಕದ ಮೇಷ್ಟ್ರು:
ಮನಸ್ಸಿನ ಮಾತು ಬಿಡಿ, ವ್ಯಾಕರಣ ಮಾತಾಡಿ. 1973ರಲ್ಲಿ ಚಮೊರೊ ವ್ಯಾಕರಣ ಬರೆದ ಡೊನಾಲ್ಡ್ ಟಾಪಿಂಗ್ ಇದನ್ನು ಸ್ಪ್ಯಾನಿಷ್‌ನ ಒಂದು ಬಗೆ ಅಂತ ಒಪ್ಪಲಿಲ್ಲ.

ನೇರನುಡಿ:
ಭಾಷಾತಜ್ಞ ರಫಾಯೆಲ್ ರೊಡ್ರಿಗೆಸ್-ಪೊಂಗಾ ಇದನ್ನು ಬೆರಕೆ ಭಾಷೆ ಅಂತಾರಲ್ಲ, ಅವರನ್ನು ಯಾಕೆ ಬಿಟ್ಟಿರಿ? ನಿಮಗೆ ಬೇಕಾದವರ ಹೆಸರು ಮಾತ್ರ ಹೇಳುವುದು ನ್ಯಾಯವಾ?

ಮಲೆನಾಡಿನವಳು:
ಎಣಿಕೆ ಎಣಿಕೆ ಅಂತ ಕುಣಿತವನ್ನು ಮರೆತೇಬಿಟ್ಟಿರಿ ಇಬ್ಬರೂ. ಆ ಭಾಷೆಯ ಕತ್ತು ಹಿಸುಕಿದ್ದು ಸ್ಪೇನ್ ಅಲ್ಲ, ಅಮೆರಿಕ. 1898ರಲ್ಲಿ ದ್ವೀಪ ಅವರ ಕೈಗೆ ಬಂತು. 1922ರಲ್ಲಿ ಶಾಲೆಯಲ್ಲಿ ಚಮೊರೊ ಮಾತಾಡಬಾರದು ಅಂದರು, ನಿಘಂಟುಗಳನ್ನು ಸುಟ್ಟರು. ಸ್ಪೇನಿನ ಕೆಳಗೆ ಇನ್ನೂರಮೂವತ್ತು ವರ್ಷ ಮನೆಮನೆಯಲ್ಲಿ ಚಮೊರೊನೇ ಇತ್ತು.

ನೇರನುಡಿ:
"ಸ್ಪೇನ್ ಅಲ್ಲ" ಅಂತೀರಾ? ಧನ್ಯವಾದ ಅನ್ನಲು ಅವರು ಹೇಳುವುದು 'ಸಿ ಯುಉಸ್ ಮಾಆಸೆ'. ಆ ಯುಉಸ್ ಸ್ಪ್ಯಾನಿಷ್‌ನ 'ದಿಯೋಸ್', ದೇವರು. ಉಪಕಾರ ನೆನೆಯಲೂ ಸ್ಪೇನಿನವರ ದೇವರೇ ಬೇಕಾಯಿತು.

ಲೆಕ್ಕದ ಮೇಷ್ಟ್ರು:
ಹೆಸರಿನ ಮುಂದೆ ಬರುವ 'ಸಿ' ಚಮೊರೊ ಜನರದ್ದು. ಕರುಣೆ ಅನ್ನುವ 'ಮಾಆಸೆ' ಅವರದ್ದು. ದಿಯೋಸ್ ಅನ್ನೂ ತಮ್ಮ ನಾಲಿಗೆಗೆ ತಿರುಗಿಸಿಕೊಂಡರು. ಮೂರರಲ್ಲಿ ಎರಡು ಅವರದ್ದೇ, ಎಣಿಸಿ ನೋಡಿ.

ನೇರನುಡಿ:
ನಾನು ಯಾಕೆ ಎಣಿಸಬೇಕು? ಅಲ್ಲಿನ ಒಬ್ಬ ಅಜ್ಜಿಯ ಹತ್ತಿರ ಎಣಿಸಲು ಹೇಳಿ. ಉನು ಅಂತಲೇ ಶುರು ಮಾಡುತ್ತಾಳೆ.