ಮೂಗಿನ ಕಲ್ಲಿಗೆ ಎರಡು ಹನಿ ಎಣ್ಣೆ

ಗುಂಪು: ನಮ್ಮ ಮನೆತನ
ಭಾನುವಾರ ಬೆಳಗ್ಗೆ

ಸಿಂಧನೂರು ಕಾಕಾ: (ಫಾರ್ವರ್ಡ್ ಮಾಡಿದ್ದು) ಮಹಿಳೆಯ ಮೂಗಿನಿಂದ ಕಲ್ಲು ತೆಗೆದ ವೈದ್ಯರು!! ನಿಮಗೂ ಒಂದೇ ಹೊಳ್ಳೆ ಕಟ್ಟುತ್ತದೆಯೇ? ದಿನಾ ರಾತ್ರಿ ಎರಡು ಹನಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡಿ, ಕಲ್ಲು ಕರಗುತ್ತದೆ. 10 ಜನರಿಗೆ ಕಳಿಸಿ 🙏

ದೊಡ್ಡಣ್ಣ: ಮತ್ತೆ ಶುರು ಮಾಡಿದಿರಾ ಕಾಕಾ? ಕಿಡ್ನಿಯಲ್ಲಿ ಕಲ್ಲು ಕೇಳಿದ್ದೇನೆ. ಮೂಗಿನಲ್ಲಿ ಎಲ್ಲಿಂದ ಬರುತ್ತೆ? ಸುಮ್ನೆ ಬುರುಡೆ.

ಸಿಂಧನೂರು ಕಾಕಾ: ಫೋಟೊ ಇದೆಯಲ್ಲಪ್ಪಾ. ಫೋಟೊನೂ ಸುಳ್ಳಾ?

ದೊಡ್ಡಣ್ಣ: ಈಗ ಫೋಟೊಗಳೇ ಜಾಸ್ತಿ ಸುಳ್ಳು ಹೇಳುವುದು. ಗುಂಪಿನಲ್ಲೇ ಡಾಕ್ಟರ್ ಇದ್ದಾಳೆ, ಕೇಳಿ.

ಬಳ್ಳಾರಿ ತಂಗಿ: ಅಣ್ಣಾ, ಕಲ್ಲು ನಿಜ. ರೈನೋಲಿತ್ ಅಂತಾರೆ. ಚಿಕ್ಕವರಿದ್ದಾಗ ತುರುಕಿಕೊಂಡ ಹುಣಸೆ ಬೀಜವೋ ಮಣಿಯೋ ಒಳಗೇ ಉಳಿದುಬಿಡುತ್ತೆ. ನೋವಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಅದರ ಮೇಲೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಪದರ ಪದರವಾಗಿ ಕೂರುತ್ತೆ, ವರ್ಷಗಟ್ಟಲೆ. ಆಮೇಲೆ ಒಂದು ಹೊಳ್ಳೆ ಕಟ್ಟುತ್ತೆ, ನಾತ ಬರುತ್ತೆ. ಸೈನಸ್ ಅಂದುಕೊಂಡು ಮಾತ್ರೆ ನುಂಗುತ್ತಲೇ ಕಾಲ ಕಳೆಯುವವರಿದ್ದಾರೆ.

ಸಿಂಧನೂರು ಕಾಕಾ: ನೋಡಿದಿಯಾ!

ಬಳ್ಳಾರಿ ತಂಗಿ: ಇರಿ ಕಾಕಾ, ಎಣ್ಣೆ ಸುಳ್ಳು. ಅದಕ್ಕೆ ಕಲ್ಲು ಕರಗಲ್ಲ. ಎಂಡೋಸ್ಕೋಪಿನಲ್ಲಿ, ಅಂದ್ರೆ ಕ್ಯಾಮೆರಾ ಇರುವ ಸಣ್ಣ ಕೊಳವೆಯಲ್ಲಿ, ನೋಡಿ ತೆಗೆಯಬೇಕು, ದೊಡ್ಡದಿದ್ದರೆ ಒಳಗೇ ಒಡೆದು. ದಿನಾ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದೂ ಉಂಟು.

ಸಿಂಧನೂರು ಕಾಕಾ: ಗದ್ದೆಯಲ್ಲಿ ಮಲಗಿದ್ದಾಗ ನನ್ನ ಕಿವಿಗೆ ಹುಳ ಹೊಕ್ಕಿತ್ತು. ನಮ್ಮವ್ವ ಎಣ್ಣೆ ಬಿಟ್ಟಳು, ಸತ್ತಿತು. ಆಗ ಎಲ್ಲಿತ್ತವ್ವಾ ನಿಮ್ಮ ಎಂಡೋಸ್ಕೋಪು?

ಬಳ್ಳಾರಿ ತಂಗಿ: ಹುಳಕ್ಕೆ ಅಜ್ಜಿ ಮಾಡಿದ್ದು ಸರಿ. ನಾವೂ ಮೊದಲು ಎಣ್ಣೆ ಬಿಟ್ಟು ಸಾಯಿಸಿಯೇ ಹೊರಗೆ ತೆಗೆಯುವುದು. ಕಿವಿಯ ತಮಟೆ ತೂತಾಗಿರಬಾರದು, ಅಷ್ಟೇ. ಹಾಗಂತ ಎಲ್ಲದಕ್ಕೂ ಎಣ್ಣೆನಾ?

ಕೊಪ್ಪಳ ಅತ್ತೆ: ಅವ್ವಾ, ನಮ್ಮ ಮೊಮ್ಮಗನಿಗೆ ನಿನ್ನೆಯಿಂದ ಎಡ ಹೊಳ್ಳೆಯಲ್ಲಿ ಮಾತ್ರ ಸಿಂಬಳ. ಕಂದು ಬಣ್ಣ, ಕೆಟ್ಟ ವಾಸನೆ. ತಮ್ಮನ ಮೆಸೇಜ್ ನೋಡಿ ಎಣ್ಣೆ ಕಾಯಲು ಇಟ್ಟಿದ್ದೇನೆ.

ಬಳ್ಳಾರಿ ತಂಗಿ: ಒಲೆ ಆರಿಸಿ ಅತ್ತೆ! ನೆಗಡಿಯಾದರೆ ಸಾಮಾನ್ಯವಾಗಿ ಎರಡೂ ಕಡೆ ಸೋರುತ್ತೆ. ಮಗುವಿಗೆ ಒಂದೇ ಕಡೆ ನಾತದ ಸಿಂಬಳ ಅಂದ್ರೆ ಒಳಗೆ ಏನೋ ಸಿಕ್ಕಿದೆ ಅಂತಲೇ ನಾವು ಮೊದಲು ಅನುಮಾನ ಪಡುವುದು. ಶೇಂಗಾ ಬೀಜವಾದರೆ ತೆಗೆದರಾಯಿತು. ಆಟಿಕೆಯ ಬಟನ್ ಸೆಲ್, ಅದೇ ಗುಂಡಿಯಂಥ ಪುಟ್ಟ ಬ್ಯಾಟರಿ, ಆಗಿದ್ದರೆ? ಮೂಗಿನ ತೇವ ತಗುಲಿ ಕರೆಂಟ್ ಹರಿಯುತ್ತೆ, ಕ್ಷಾರ ಹುಟ್ಟಿ ಒಳಗೆ ಸುಡುತ್ತೆ. ಕೆಲವೇ ಗಂಟೆಗಳಲ್ಲಿ ಗಾಯ, ಆಮೇಲೆ ಎರಡು ಹೊಳ್ಳೆ ನಡುವಿನ ಗೋಡೆಗೇ ತೂತು. ನೀರು, ಎಣ್ಣೆ, ಡ್ರಾಪ್ಸ್ ಏನೂ ಬೇಡ. ಪಿನ್ನು, ಚಿಮಟ ಅಂತೂ ಬೇಡವೇ ಬೇಡ, ಹಿಂದಕ್ಕೆ ಜಾರಿ ಶ್ವಾಸನಾಳಕ್ಕೆ ಬೀಳಬಹುದು.

ಕೊಪ್ಪಳ ಅತ್ತೆ: ಇವತ್ತು ಭಾನುವಾರ ಅಲ್ವಾ? ನಾಳೆ ಹೋದರೆ ಆಗಲ್ವಾ?

ಬಳ್ಳಾರಿ ತಂಗಿ: ಆಗಲ್ಲ. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೊರಡಿ. ಎಕ್ಸ್‌ರೇ ತೆಗೆದರೆ ಸೆಲ್ಲಿನ ಅಂಚು ಎರಡು ಬಳೆಯ ಹಾಗೆ ಕಾಣುತ್ತೆ. ಹಾಗೆ ಕಂಡರೆ ತಡ ಮಾಡಲ್ಲ, ತಕ್ಷಣ ತೆಗೆಯುತ್ತಾರೆ.

ಕೊಪ್ಪಳ ಅತ್ತೆ: ಹೊರಟೆವು. ಆಟೋ ಬಂತು.

ದೊಡ್ಡಣ್ಣ: ಕಾಕಾ, ಆ ಮೆಸೇಜ್ ಡಿಲೀಟ್ ಮಾಡಿ.

ಸಿಂಧನೂರು ಕಾಕಾ: ಯಾಕೆ? ಕಲ್ಲು ನಿಜ ಅಂತ ಅವಳೇ ಹೇಳಿದಳಲ್ಲ. ಎಣ್ಣೆಯ ಸಾಲು ತೆಗೆದು ಮತ್ತೆ ಹಾಕುತ್ತೇನೆ.

ದೊಡ್ಡಣ್ಣ: ಆಗಲೇ ಕಳಿಸಿದ 10 ಜನರಿಗೆ?

ಸಿಂಧನೂರು ಕಾಕಾ: 10 ಅಲ್ಲಪ್ಪಾ, ಭತ್ತದ ವ್ಯಾಪಾರಿಗಳ ಗುಂಪಿಗೂ ಹಾಕಿದ್ದೆ. ತಡಿ.